ಪ್ರಷ್ಯನ್ ನೀಲಿ: ಪ್ರಕ್ಷೇಪ ಸುಲಭವಾಗಿ ಬಂತು, ಬಳಿಯುವ ಬಣ್ಣ ಮಾತ್ರ ಆಗುತ್ತಿಲ್ಲ

ನೀಲಿಬೀಕರ್

ಪದವಿ ವಿದ್ಯಾರ್ಥಿಗಳಿಗೆ ರಸಾಯನವಿಜ್ಞಾನದ ಪ್ರಯೋಗ ಮಾಡಿಸುವುದು ನನ್ನ ಕೆಲಸ. ಫೆರಿಕ್ ಅಯಾನನ್ನು (ಮೂರು ಧನ ವಿದ್ಯುದಂಶ ಹೊತ್ತ ಕಬ್ಬಿಣವನ್ನು) ಗುರುತಿಸಲು ಪೊಟ್ಯಾಸಿಯಂ ಫೆರೋಸಯನೈಡ್ ದ್ರಾವಣದ ಎರಡು ಹನಿ ಹಾಕುವುದು, ನೀಲಿ ಕಂಡೊಡನೆ ಪುಸ್ತಕದಲ್ಲಿ ಬರೆದುಕೊಂಡು ಪರೀಕ್ಷಾನಾಳ ತೊಳೆದಿಡುವುದು, ಇಷ್ಟನ್ನೇ ವರ್ಷಗಳಿಂದ ಮಾಡಿಸುತ್ತಾ ಬಂದಿದ್ದೇನೆ. ಆ ನೀಲಿಯೇ ಪ್ರಷ್ಯನ್ ನೀಲಿ, ಈ ಸಲ ಅದನ್ನು ಚೆಲ್ಲಬಾರದು. ತೊಳೆದು, ಒಣಗಿಸಿ, ಅರೆದು, ಕೊನೆಗೆ ಹಲಗೆಯ ಮೇಲೆ ಬಳಿಯುವವರೆಗೆ ಹೋಗಬೇಕು ಎಂದು ಮೂರು ವಾರಗಳ ಹಿಂದೆ ಶುರು ಮಾಡಿದೆವು. ಅಲ್ಲಿಂದ ಒಂದಾದ ಮೇಲೊಂದು ತೊಡಕು.

ತೂಕ ಹೀಗಿತ್ತು: ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 10.8 ಗ್ರಾಂ (0.04 ಮೋಲ್), ಪೊಟ್ಯಾಸಿಯಂ ಫೆರೋಸಯನೈಡ್ ಟ್ರೈಹೈಡ್ರೇಟ್ 12.7 ಗ್ರಾಂ (0.03 ಮೋಲ್). ಎರಡನ್ನೂ ತಲಾ 200 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಕಬ್ಬಿಣದ ದ್ರಾವಣವನ್ನು ಫೆರೋಸಯನೈಡ್‌ಗೆ ಸುರಿದೆವು. ನೀಲಿ ತಕ್ಷಣ ಬಂತು. ಆಗ ವಿದ್ಯಾರ್ಥಿಗಳ ಮುಖ ನೋಡಬೇಕಿತ್ತು.

ನಂತರ ನಡೆದದ್ದು ಇದು. ಸೋಸಿದಾಗ ಮೊದಲ ನೀರು ತಿಳಿಯಾಗಿಯೇ ಇಳಿಯಿತು. ಎರಡನೆಯ ಸಲ ತೊಳೆದಾಗಲೂ ಪರವಾಗಿಲ್ಲ. ಮೂರನೆಯ ಸಲಕ್ಕೆ ಕೆಳಗಿನ ನೀರು ಗಾಢ ನೀಲಿಯಾಯಿತು, ಸೋಸುಕಾಗದ ಕಟ್ಟಿಕೊಂಡು ಹನಿ ಬೀಳುವುದೇ ನಿಂತಿತು. ಉಳಿದ ಮುದ್ದೆಯನ್ನು 110 ಡಿಗ್ರಿ ಸೆಲ್ಸಿಯಸ್ ಒವನ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಸಿಕ್ಕಿದ್ದು ಕಲ್ಲಿದ್ದಲಿನಂಥ ಗಟ್ಟಿ. ಮುರಿದ ಮೈಯಲ್ಲಿ ತಾಮ್ರದ ಹೊಳಪು. ತೂಕ 10.6 ಗ್ರಾಂ. ಲೆಕ್ಕದ ಪ್ರಕಾರ 8.6 ಗ್ರಾಂ ಬರಬೇಕು. ಸೋಸುವಾಗ ಅಷ್ಟು ಕಳೆದುಕೊಂಡ ಮೇಲೂ ಇಳುವರಿ ಶೇಕಡಾ 123 ಹೇಗೆ ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಅರೆದು ಅಗಸೆ ಎಣ್ಣೆಯಲ್ಲಿ ಕಲಸಿದಾಗ ಮರಳು ಮರಳಾಗಿತ್ತು, ಬಳಿದರೆ ಗೆರೆ ಗೆರೆ. ಸುಣ್ಣದ ಗಾರೆ ಹಚ್ಚಿದ ಒಂದು ತುಂಡಿನ ಮೇಲೆ ನೀರಿನಲ್ಲಿ ಕಲಸಿ ಬಳಿದದ್ದು ಮರುದಿನಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು.

ಎಲ್ಲಿ ತಪ್ಪಿದ್ದೇವೆ ಎಂದು ತಿಳಿದವರು ಹೇಳಬೇಕು. ಮಕ್ಕಳ ಉತ್ಸಾಹ ಇನ್ನೂ ಆರಿಲ್ಲ, ಆರುವ ಮೊದಲು ಸರಿಪಡಿಸಬೇಕು.

ಹಳೆಯಅರೆಗಲ್ಲು

ಬಣ್ಣ ತಯಾರಿಕೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ನಿಮ್ಮ ರಸಾಯನಕ್ರಿಯೆಯಲ್ಲಿ ಏನೂ ತಪ್ಪಿಲ್ಲ, ಮೇಷ್ಟ್ರೇ. ಈ ನೀಲಿ ಹುಟ್ಟುವುದಕ್ಕೆ ಒಂದು ಕ್ಷಣ ಸಾಕು. ನಮ್ಮ ವೃತ್ತಿಯೆಲ್ಲ ಇದ್ದದ್ದು ಆ ಕ್ಷಣದ ನಂತರ.

ಮೊದಲು ಸೋಸುವ ವಿಷಯ. ಪ್ರಷ್ಯನ್ ನೀಲಿಯ ಕಣಗಳು ಅತಿ ಸಣ್ಣವು, ಮೈಕ್ರೋಮೀಟರ್‌ನ ನೂರನೆಯ ಒಂದು ಭಾಗದಿಂದ ಹತ್ತನೆಯ ಒಂದೆರಡು ಭಾಗದಷ್ಟು. ಆರಂಭದಲ್ಲಿ ಸುತ್ತಲೂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಆ ಉಪ್ಪು ಕಣಗಳ ಮೇಲಿನ ವಿದ್ಯುದಂಶದ ಪ್ರಭಾವವನ್ನು ಅಡಗಿಸಿ ಅವು ಒಂದಕ್ಕೊಂದು ಅಂಟಿ ಕೂರುವಂತೆ ಮಾಡುತ್ತದೆ. ಹಾಗಾಗಿ ಮೊದಲ ನೀರು ತಿಳಿ. ನೀವು ಶುದ್ಧ ನೀರಿನಲ್ಲಿ ತೊಳೆಯುತ್ತಾ ಹೋದಂತೆ ಉಪ್ಪು ಹೊರಟುಹೋಗುತ್ತದೆ, ಕಣಗಳು ಮತ್ತೆ ಒಂದನ್ನೊಂದು ದೂಡಿ ಕಲಿಲವಾಗಿ (ನೀರಿನಲ್ಲಿ ಕೂರದೆ ತೇಲಾಡುವ ಕಣಗಳಾಗಿ) ಎದ್ದು ನೀರಿನ ಜೊತೆ ಇಳಿದುಹೋಗುತ್ತವೆ. ಹೆಚ್ಚು ಶುಚಿ ಮಾಡಲು ಹೋದಷ್ಟೂ ಹೆಚ್ಚು ಕಳೆದುಕೊಳ್ಳುತ್ತೀರಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಇದೇ ನೀಲಿ ನೀರನ್ನು ಬಚ್ಚಲಿಗೆ ಹರಿಯಲು ಬಿಟ್ಟು ಹಿರಿಯರಿಂದ ಬೈಸಿಕೊಂಡಿದ್ದೆ.

ಹೀಗೆ ಮಾಡಿ. ಸುರಿಯುವ ಕ್ರಮವನ್ನು ತಿರುಗಿಸಿ: ಫೆರೋಸಯನೈಡನ್ನು ಕಬ್ಬಿಣದ ದ್ರಾವಣಕ್ಕೆ ನಿಧಾನವಾಗಿ, ಕದಡುತ್ತಾ ಸೇರಿಸಿ. ಕಬ್ಬಿಣ ಲೆಕ್ಕಕ್ಕಿಂತ ಶೇಕಡಾ 5ರಷ್ಟು ಹೆಚ್ಚಿರಲಿ, ಅಂದರೆ ಸುಮಾರು 11.4 ಗ್ರಾಂ. ಫೆರೋಸಯನೈಡ್ ಹೆಚ್ಚಾದರೆ ಕಣಗಳು ಋಣ ವಿದ್ಯುದಂಶ ಹೊತ್ತು ನೀರಿನಲ್ಲಿ ತೇಲುವ ಗುಣ ಇನ್ನೂ ಹೆಚ್ಚುತ್ತದೆ. ಕಬ್ಬಿಣದ ದ್ರಾವಣಕ್ಕೆ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದ ಕೆಲವೇ ಹನಿ ಹಾಕಿದರೆ ಕಂದು ಹೈಡ್ರಾಕ್ಸೈಡ್ ಬೆರೆಯುವುದಿಲ್ಲ. ಆಮೇಲೆ 60 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಬೀಕರ್ ಇಟ್ಟು ಒಂದು ಗಂಟೆ ಬಿಡಿ.

ಸೋಸುಕಾಗದವನ್ನು ಸದ್ಯಕ್ಕೆ ಮರೆತುಬಿಡಿ. ಎತ್ತರದ ಪಾತ್ರೆಯಲ್ಲಿ ಗಸಿ ಕೂರಲಿ, ಮೇಲಿನ ತಿಳಿಯನ್ನು ಬಗ್ಗಿಸಿ, ಶುದ್ಧ ನೀರಿನ ಬದಲು ಶೇಕಡಾ 1ರ ಉಪ್ಪುನೀರು ಹಾಕಿ ಕದಡಿ. ಮತ್ತೆ ಕೂರಲಿ. ನಾಲ್ಕೈದು ದಿನ, ದಿನಕ್ಕೊಂದು ಸಲ. ಕೊನೆಗೆ ಅರ್ಧ ನೀರು ಅರ್ಧ ಆಲ್ಕೋಹಾಲ್, ಅದರ ಮೇಲೆ ಬರೀ ಆಲ್ಕೋಹಾಲ್. ಆಗ ಸೋಸಿದರೆ ತೊಂದರೆ ಇರುವುದಿಲ್ಲ.

ಒಣಗಿಸುವುದು 50 ಡಿಗ್ರಿ ಮೀರಬಾರದು. ಆಲ್ಕೋಹಾಲ್ ಆವಿಯಾಗುವವರೆಗೆ ಗಾಳಿಗೇ ಬಿಟ್ಟಿರಿ, ಹತ್ತಿರ ಬೆಂಕಿ ಬೇಡ. ನೀರು ಒಣಗುವಾಗ ಸಣ್ಣ ಕಣಗಳನ್ನು ಎಳೆದು ಬಿಗಿದು ಕಲ್ಲು ಮಾಡುತ್ತದೆ. ಆಲ್ಕೋಹಾಲ್‌ನ ಸೆಳೆತ ಅಷ್ಟು ಬಿಗಿಯಲ್ಲ, ಆದ್ದರಿಂದ ಮುದ್ದೆ ಮೃದುವಾಗಿ ಪುಡಿಯಾಗುತ್ತದೆ.

ಆ ತಾಮ್ರದ ಹೊಳಪು ದೋಷವಲ್ಲ. ಗಾಢ ಪ್ರಷ್ಯನ್ ನೀಲಿಯ ಗುರುತೇ ಅದು.

ಪ್ರಥಮವರ್ಷ

ನಾನು ಈಗಷ್ಟೇ ಬಿಎಸ್‌ಸಿ ಸೇರಿದ್ದೇನೆ. ಒಂದು ಪ್ರಶ್ನೆ ಕೇಳಲು ಹಿಂಜರಿಕೆ, ಆದರೂ ಕೇಳುತ್ತೇನೆ. ಹೆಸರಿನಲ್ಲೇ ಸಯನೈಡ್ ಇದೆಯಲ್ಲ, ಇದನ್ನು ವಿದ್ಯಾರ್ಥಿಗಳ ಕೈಗೆ ಕೊಡಬಹುದೇ?

ಅಣುಜಾಲ

ಹಿಂಜರಿಯಬೇಡಿ, ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಫೆರೋಸಯನೈಡ್‌ನಲ್ಲಿ ಆರು ಸಯನೈಡ್‌ಗಳು ಒಂದು ಕಬ್ಬಿಣದ ಪರಮಾಣುವನ್ನು ಸುತ್ತಲಿಂದ ಹಿಡಿದುಕೊಂಡಿರುತ್ತವೆ, ಇಂಗಾಲದ ತುದಿಯಿಂದ. ಆ ಹಿಡಿತ ಬಹಳ ಬಲವಾದದ್ದು. ಸಾಮಾನ್ಯ ನೀರಿನಲ್ಲಿ ಸಯನೈಡ್ ಕಳಚಿ ಬರುವುದಿಲ್ಲ. ಪ್ರಷ್ಯನ್ ನೀಲಿಯಲ್ಲಿ ಅದೇ ಸಯನೈಡ್‌ಗಳ ಇನ್ನೊಂದು ತುದಿ, ಸಾರಜನಕದ ತುದಿ, ಫೆರಿಕ್ ಕಬ್ಬಿಣವನ್ನು ಹಿಡಿಯುತ್ತದೆ. ಹೀಗೆ ಘನಾಕಾರದ ಜಾಲ ಮೂರು ದಿಕ್ಕಿಗೂ ಹಬ್ಬುತ್ತದೆ. ಈ ವಸ್ತು ಎಷ್ಟು ಭದ್ರವೆಂದರೆ ಥ್ಯಾಲಿಯಂ ವಿಷಕ್ಕೂ ವಿಕಿರಣಶೀಲ ಸೀಸಿಯಂಗೂ ಇದನ್ನೇ ಔಷಧವಾಗಿ ನುಂಗಿಸುತ್ತಾರೆ. ಜಾಲದ ಗೂಡುಗಳಲ್ಲಿ ಸೀಸಿಯಂ ಸಿಕ್ಕಿಕೊಂಡು ಮಲದ ಮೂಲಕ ಹೊರಹೋಗುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ ದುರಂತವಾದಾಗ ರೋಗಿಗಳಿಗೆ ಕೊಟ್ಟದ್ದು ಪ್ರಷ್ಯನ್ ನೀಲಿಯನ್ನೇ.

ಆದರೆ ಎಚ್ಚರ ತಪ್ಪುವ ಜಾಗವೂ ಇದೆ. ಫೆರೋಸಯನೈಡನ್ನಾಗಲಿ ಪ್ರಷ್ಯನ್ ನೀಲಿಯನ್ನಾಗಲಿ ಪ್ರಬಲ ಆಮ್ಲದ ಜೊತೆ ಕಾಯಿಸಿದರೆ ಹೈಡ್ರೋಜನ್ ಸಯನೈಡ್ ಅನಿಲ ಬರುತ್ತದೆ. 1782ರಲ್ಲಿ ರಸಾಯನವಿಜ್ಞಾನಿ ಶೀಲೆ ಆ ಅನಿಲ ನೀರಿನಲ್ಲಿ ಕರಗಿದ ಆಮ್ಲವನ್ನು ಮೊದಲು ತಯಾರಿಸಿದ್ದು ಈ ನೀಲಿಯಿಂದಲೇ. ಅದಕ್ಕೆ ಪ್ರಷ್ಯಿಕ್ ಆಮ್ಲ ಎಂಬ ಹೆಸರು ಬಂದದ್ದೂ ಹಾಗೆ. ಆದ್ದರಿಂದ ಇದರ ತ್ಯಾಜ್ಯ ಆಮ್ಲದ ತ್ಯಾಜ್ಯದ ಬಾಟಲಿಗೆ ಬೀಳಲೇಬಾರದು, ಪ್ರತ್ಯೇಕ ಬಾಟಲಿ, ದೊಡ್ಡ ಅಕ್ಷರದ ಚೀಟಿ. ಒಣ ಪುಡಿಯನ್ನು ಬರ್ನರ್ ಮೇಲೆ ಕಾಯಿಸುವುದೂ ಬೇಡ. ಮೇಲೆ ಹಿರಿಯರು ಹೇಳಿದ ಆಮ್ಲ ಕೆಲವು ಹನಿ ಮಾತ್ರ, ಅದೂ ಸಾರರಿಕ್ತ. ಆ ಮಿತಿ ದಾಟದಂತೆ ನೋಡಿಕೊಳ್ಳಬೇಕು.

ಇಳುವರಿಯ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಅಭಿನಂದನೆ ತಿಳಿಸಿ. 8.6 ಗ್ರಾಂ ಎಂಬುದು ನೀರಿಲ್ಲದ ಪ್ರಷ್ಯನ್ ನೀಲಿಯ ಲೆಕ್ಕ. ನಿಜವಾದ ಹರಳಿನಲ್ಲಿ ಸೂತ್ರಘಟಕವೊಂದಕ್ಕೆ, ಅಂದರೆ ರಾಸಾಯನಿಕ ಸೂತ್ರದ ಒಂದು ಪಾಲಿಗೆ, 14ರಿಂದ 16 ನೀರಿನ ಅಣುಗಳಿರುತ್ತವೆ. ಜಾಲದಲ್ಲಿ ನಾಲ್ಕರಲ್ಲಿ ಒಂದು ಫೆರೋಸಯನೈಡ್ ಸ್ಥಾನ ಖಾಲಿ ಇರುತ್ತದೆ, ಆ ಖಾಲಿಯನ್ನು ನೀರು ತುಂಬುತ್ತದೆ. 14 ನೀರು ಸೇರಿಸಿ ಲೆಕ್ಕ ಹಾಕಿದರೆ ಸುಮಾರು 11.1 ಗ್ರಾಂ ಆಗಬೇಕು. ನಿಮ್ಮ 10.6 ಅದಕ್ಕಿಂತ ಕಡಿಮೆಯೇ. 110 ಡಿಗ್ರಿಯಲ್ಲಿ ಎಲ್ಲ ನೀರೂ ಹೋಗುವುದಿಲ್ಲ ಎಂಬುದಕ್ಕೆ ನಿಮ್ಮ ತಕ್ಕಡಿಯೇ ಸಾಕ್ಷಿ.

ಕುಂಚದತುದಿ

ನಾನು ಚಿತ್ರ ಬರೆಯುವವಳು, ರಸಾಯನಶಾಸ್ತ್ರ ನನ್ನದಲ್ಲ. ಗೆರೆ ಬೀಳುತ್ತದೆ ಎಂದಿರಿ. ಬಣ್ಣವನ್ನು ಹಾಗೆಯೇ ದಪ್ಪವಾಗಿ ಬಳಿದಿರಬೇಕು. ಈ ನೀಲಿಯನ್ನು ಯಾರೂ ಹಾಗೆ ನೋಡಿ ಬೆಲೆ ಕಟ್ಟುವುದಿಲ್ಲ. ದಪ್ಪವಾಗಿ ಬಳಿದರೆ ಕಪ್ಪೇ ಕಾಣುತ್ತದೆ. ಬಿಳಿಯ ದೊಡ್ಡ ಗುಡ್ಡೆಗೆ ಚಾಕುವಿನ ತುದಿಯಷ್ಟು ನೀಲಿ ಸೇರಿಸಿ ಕಲಸಿ ನೋಡಿ. ಸ್ವಲ್ಪ ಹಸಿರಿನ ಕಡೆಗೆ ವಾಲುವ, ತಣ್ಣನೆಯ ಆಕಾಶ ಸಿಗುತ್ತದೆ. ಇದರ ಬಣ್ಣ ಹಿಡಿಸುವ ಶಕ್ತಿ ನನಗೆ ಗೊತ್ತಿರುವ ನೀಲಿಗಳಲ್ಲಿ ಬಹಳ ದೊಡ್ಡದು. ಹಾಗೆಯೇ ಇದು ಪಾರದರ್ಶಕ, ತೆಳುವಾದ ಪದರಗಳಲ್ಲಿ ಅದರ ಆಳ ತೆರೆದುಕೊಳ್ಳುತ್ತದೆ.

ಮರಳಿನಂತಿರುವುದಕ್ಕೆ ಕಲ್ಬತ್ತು ಸಾಲದು. ಗಾಜಿನ ಹಲಗೆ, ತಳ ಚಪ್ಪಟೆಯಾದ ಗಾಜಿನ ಗುಂಡು, ಸ್ವಲ್ಪ ಎಣ್ಣೆ, ಮತ್ತು ಕನಿಷ್ಠ ಅರ್ಧ ಗಂಟೆ. ಗುಂಡನ್ನು ಒತ್ತಿ ಎಂಟರ ಆಕಾರದಲ್ಲಿ ಆಡಿಸಬೇಕು. ಚರಚರ ಸದ್ದು ನಿಲ್ಲುವವರೆಗೆ ಅರೆದದ್ದು ಅರೆದಂತಲ್ಲ.

ಒಂದು ಭಿನ್ನಾಭಿಪ್ರಾಯವೂ ಇದೆ. ಇಷ್ಟೆಲ್ಲ ಕಷ್ಟಪಡುವುದಾದರೆ ಅಲ್ಟ್ರಾಮರೀನ್ ಮಾಡಬಾರದೇ? ಬೆಚ್ಚಗಿನ, ನೇರಳೆಗೆ ವಾಲುವ ಆ ನೀಲಿಯನ್ನು ಕಂಡರೆ ಮಕ್ಕಳು ಇನ್ನೂ ಸಂತೋಷಪಡುತ್ತಾರೆ.

ಕುಲುಮೆಬಾಗಿಲು

ಅಲ್ಟ್ರಾಮರೀನ್ ಮಾಡಿ ನೋಡಿದವನಾಗಿ ಹೇಳುತ್ತೇನೆ: ತರಗತಿಗೆ ಬೇಡ.

ಅದರ ಕಥೆ ದೊಡ್ಡದು. ಶತಮಾನಗಳ ಕಾಲ ಅದು ಅಫ್ಘಾನಿಸ್ತಾನದ ಬದಕ್‌ಶಾನ್‌ನಿಂದ ಬರುತ್ತಿದ್ದ ಲಾಪಿಸ್ ಲಾಜುಲಿ ಕಲ್ಲಿನಿಂದ ಮಾತ್ರ ಸಿಗುತ್ತಿತ್ತು. 1824ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವು ಅದನ್ನು ಕೃತಕವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಘೋಷಿಸಿತು. 1828ರಲ್ಲಿ ಬಹುಮಾನ ಜಾನ್ ಬ್ಯಾಪ್ಟಿಸ್ಟ್ ಗಿಮೆಗೆ ಹೋಯಿತು. ಅದೇ ವರ್ಷ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟಿಯಾನ್ ಗ್ಮೆಲಿನ್ ತಮ್ಮ ವಿಧಾನವನ್ನು ಪ್ರಕಟಿಸಿದರು.

ಬೇಕಾದ ವಸ್ತುಗಳು ಸರಳ: ಕೇವೋಲಿನ್ ಜೇಡಿ, ಸೋಡಾ, ಗಂಧಕ, ಇದ್ದಿಲು. ಗಾಳಿಯಾಡದಂತೆ ಮುಚ್ಚಿದ ಮೂಸೆಯಲ್ಲಿ 750ರಿಂದ 800 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಮೊದಲು ಬರುವುದು ಹಸಿರು. ಆಮೇಲೆ ಕಡಿಮೆ ಶಾಖದಲ್ಲಿ ಅಳತೆ ಮೀರದಂತೆ ಗಾಳಿ ಬಿಟ್ಟಾಗ ಅದು ನೀಲಿಯಾಗುತ್ತದೆ. ಬಣ್ಣ ಕೊಡುವುದು ಲೋಹವಲ್ಲ. ಸಿಲಿಕೇಟ್ ಪಂಜರದೊಳಗೆ ಸಿಕ್ಕಿಬಿದ್ದ ಮೂರು ಗಂಧಕ ಪರಮಾಣುಗಳ ಒಂದು ಅಯಾನು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ.

ನಾನು ಮಾಡಿದಾಗ ಆತುರಪಟ್ಟು ಮೂಸೆಯನ್ನು ಬಿಸಿಯಿರುವಾಗಲೇ ತೆರೆದೆ. ಗಂಧಕ ಉರಿದು ಹೊಗೆಯಾಯಿತು, ಉಳಿದದ್ದು ಬೂದು ಬಣ್ಣದ ಹೆಂಟೆ, ಅಲ್ಲಲ್ಲಿ ನೀಲಿಯ ಚುಕ್ಕೆ. ಆ ಗಂಧಕದ ಡೈಆಕ್ಸೈಡ್‌ನಿಂದ ಎರಡು ದಿನ ಕೆಮ್ಮಿದೆ. ಹೊಗೆ ಹೊರಗೆಳೆಯುವ ಒಳ್ಳೆಯ ವ್ಯವಸ್ಥೆ ಇಲ್ಲದ ಕಡೆ ಇದನ್ನು ಮಾಡಿಸಲೇಬಾರದು. ಕೋಬಾಲ್ಟ್ ನೀಲಿಗೂ ಇಟ್ರಿಯಂ–ಇಂಡಿಯಂ–ಮ್ಯಾಂಗನೀಸ್ ನೀಲಿಗೂ 1,200 ಡಿಗ್ರಿಯ ಸುಮಾರಿನ ಕುಲುಮೆ ಬೇಕು. ಬೀಕರ್‌ನಲ್ಲೇ ಆಗುವ ಪ್ರಷ್ಯನ್ ನೀಲಿಯನ್ನು ನೀಲಿಬೀಕರ್ ಅವರು ಆರಿಸಿಕೊಂಡದ್ದು ಸರಿಯಾಗಿಯೇ ಇದೆ.

ಕುಂಚದತುದಿ

ಒಪ್ಪಿದೆ. ಕೆಮ್ಮಿನ ವಿಷಯ ನನಗೆ ಗೊತ್ತಿರಲಿಲ್ಲ. ಮಕ್ಕಳಿರುವ ಕಡೆ ಅದು ಬೇಡವೇ ಬೇಡ.

ದುರಸ್ತಿಮೇಜು

ಹಳೆಯ ಚಿತ್ರಗಳ ಸಂರಕ್ಷಣೆ ನನ್ನ ಕೆಲಸ. ಸುಣ್ಣದ ಮೇಲೆ ಕಂದಾದದ್ದನ್ನು ಯಾರೂ ಮುಟ್ಟಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ಹಸಿ ಸುಣ್ಣದ ಕ್ಷಾರತೆಗೆ ಜಾಲ ಒಡೆದು ಕಬ್ಬಿಣದ ಕಂದು ಹೈಡ್ರಾಕ್ಸೈಡ್ ಉಳಿಯುತ್ತದೆ, ಫೆರೋಸಯನೈಡ್ ನೀರಿಗೆ ಸೇರುತ್ತದೆ. ಸುಣ್ಣದ ಗೋಡೆಯ ಮೇಲಿನ ಚಿತ್ರಕ್ಕೆ ಇದು ಸಲ್ಲದ ಬಣ್ಣ. ಆದರೆ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ಸೋಲೆಂದು ತೋರಿಸಬೇಡಿ. ಹಳೆಯ ಚಿತ್ರದಿಂದ ತೆಗೆದ ಕೂದಲೆಳೆಯಷ್ಟು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸೋಡಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ತಾಗಿಸಿ, ನೀಲಿ ಕಂದಾಗುವುದನ್ನು ನೋಡಿ ನಾವು ಪ್ರಷ್ಯನ್ ನೀಲಿಯನ್ನು ಗುರುತಿಸುತ್ತೇವೆ. ಅಲ್ಟ್ರಾಮರೀನ್ ಇದಕ್ಕೆ ತದ್ವಿರುದ್ಧ: ಕ್ಷಾರಕ್ಕೆ ಜಗ್ಗುವುದಿಲ್ಲ, ಆಮ್ಲ ತಾಗಿದರೆ ಬಣ್ಣ ಕಳೆದುಕೊಂಡು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ.

ಈ ಗುರುತಿಸುವಿಕೆಗೆ ಇನ್ನೊಂದು ಮಹತ್ವವಿದೆ. ಈ ನೀಲಿ ಹುಟ್ಟಿದ್ದು 1704–06ರ ಸುಮಾರಿಗೆ, ಬರ್ಲಿನ್‌ನಲ್ಲಿ. ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಬಣ್ಣ ಮಾಡಲು ಹೊರಟಿದ್ದ. ಡಿಪ್ಪೆಲ್ ಎಂಬ ರಸವಾದಿಯಿಂದ ಪಡೆದ ಪೊಟ್ಯಾಷ್ ಪ್ರಾಣಿಜನ್ಯ ಎಣ್ಣೆಯಿಂದ ಕಲುಷಿತವಾಗಿತ್ತು. ಕೆಂಪಿನ ಬದಲು ನೀಲಿ ಬಂತು ಎಂಬುದು ಪರಂಪರೆಯಿಂದ ಬಂದ ಕಥೆ. ತಯಾರಿಕೆಯ ಗುಟ್ಟು ಹೊರಬಿದ್ದದ್ದು 1724ರಲ್ಲಿ, ಜಾನ್ ವುಡ್‌ವರ್ಡ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ. ಹಾಗಾಗಿ 17ನೆಯ ಶತಮಾನದ್ದೆಂದು ಹೇಳಿಕೊಳ್ಳುವ ಚಿತ್ರದಲ್ಲಿ ಪ್ರಷ್ಯನ್ ನೀಲಿ ಸಿಕ್ಕರೆ ನನ್ನ ಕೈ ಅಲ್ಲಿಯೇ ನಿಲ್ಲುತ್ತದೆ. ಒಂದೋ ಆಮೇಲೆ ಯಾರೋ ತಿದ್ದಿದ್ದಾರೆ, ಇಲ್ಲವೇ ಚಿತ್ರವೇ ಆ ಕಾಲದ್ದಲ್ಲ.

ಇನ್ನೊಂದು ಮಾತು, ಬಿಳಿ ಬೆರೆಸಿ ತೆಳುವಾಗಿಸಿದ ಪ್ರಷ್ಯನ್ ನೀಲಿ ಬೆಳಕಿಗೆ ಮಾಸಬಹುದು. ದಟ್ಟವಾಗಿ ಬಳಿದದ್ದು ಚೆನ್ನಾಗಿ ಬಾಳುತ್ತದೆ. ಮಕ್ಕಳು ಮಾಡಿದ ಮಾದರಿಗಳಲ್ಲಿ ಅರ್ಧಕ್ಕೆ ಕಪ್ಪು ಕಾಗದ ಹೊದಿಸಿ ಕಿಟಕಿಯ ಬಳಿ ಇಡಿ, ಕೆಲವು ತಿಂಗಳ ನಂತರ ಕಾಗದ ತೆಗೆದು ಹೋಲಿಸಿ.

ಅಣುಜಾಲ

ಮಾಸುವ ಕಾರಣವನ್ನೂ ಸೇರಿಸುತ್ತೇನೆ, ಏಕೆಂದರೆ ಬಣ್ಣ ಹುಟ್ಟುವ ಕಾರಣವೂ ಅದರಲ್ಲೇ ಇದೆ. ಜಾಲದಲ್ಲಿ ಎರಡು ಬಗೆಯ ಕಬ್ಬಿಣವಿದೆ, ಫೆರಸ್ (ಎರಡು ಧನ ವಿದ್ಯುದಂಶದ್ದು) ಮತ್ತು ಫೆರಿಕ್ (ಮೂರರದ್ದು). ಕೆಂಪು ಬೆಳಕನ್ನು, ಸುಮಾರು 700 ನ್ಯಾನೋಮೀಟರ್ ಬಳಿ, ಹೀರಿಕೊಂಡು ಎಲೆಕ್ಟ್ರಾನ್ ಒಂದು ಫೆರಸ್‌ನಿಂದ ಪಕ್ಕದ ಫೆರಿಕ್‌ಗೆ ನೆಗೆಯುತ್ತದೆ. ಕೆಂಪು ಹೋದ ಬೆಳಕು ನಮಗೆ ನೀಲಿ. ಎಲ್ಲ ಕಬ್ಬಿಣವೂ ಫೆರಸ್ ಆಗಿಬಿಟ್ಟರೆ ನೆಗೆಯಲು ಜಾಗವಿಲ್ಲ, ವಸ್ತು ಬಿಳಿಯಾಗುತ್ತದೆ. ಬೆಳಕಿಗೆ ಮಾಸುವಾಗ ನಡೆಯುವುದು ಬಹುಮಟ್ಟಿಗೆ ಇದೇ. ಗಾಳಿಯ ಆಮ್ಲಜನಕ ಸಿಕ್ಕರೆ ಕತ್ತಲೆಯಲ್ಲಿ ಕೆಲವು ಸಲ ನೀಲಿ ಮರಳುವುದೂ ಉಂಟು.

ಹಳೆಯಅರೆಗಲ್ಲು

ಅಣುಜಾಲ ಅವರು ಹೇಳಿದ ಆ ಬಿಳಿಯೇ ನಮ್ಮ ಕೆಲಸದ ಆರಂಭ. ಕಾರ್ಖಾನೆಯಲ್ಲಿ ನೇರವಾಗಿ ನೀಲಿ ಮಾಡುವುದಿಲ್ಲ. ಫೆರಿಕ್ ಬದಲು ಫೆರಸ್ ಸಲ್ಫೇಟ್ ತೆಗೆದುಕೊಂಡು ಫೆರೋಸಯನೈಡ್ ಜೊತೆ ಬೆರೆಸಿದರೆ ಬರುವುದು ಬರ್ಲಿನ್ ಬಿಳಿ. ಅದನ್ನು ಬಿಸಿಯಲ್ಲಿ ಪಕ್ವವಾಗಲು ಬಿಟ್ಟು, ಆಮೇಲೆ ಉತ್ಕರ್ಷಕ (ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತು) ಹಾಕಿ ನೀಲಿ ಮಾಡುತ್ತಾರೆ. ಬಿಳಿಯ ಹಂತದಲ್ಲಿ ಎಷ್ಟು ಹೊತ್ತು ಯಾವ ಶಾಖದಲ್ಲಿ ಇಟ್ಟಿರಿ ಎಂಬುದರಿಂದ ಕಣದ ಗಾತ್ರವೂ ಛಾಯೆಯೂ ಕೈಗೆ ಬರುತ್ತವೆ. ಆ ಹಂತದಲ್ಲಿ ಬಳಸುವ ಬಿಸಿ ಆಮ್ಲ ತರಗತಿಗೆ ಸಲ್ಲದು. ಆದರೆ ಆಮ್ಲವಿಲ್ಲದೆ, ತಣ್ಣಗೆ, ಒಂದು ಗ್ರಾಂ ಅಳತೆಯಲ್ಲಿ ಬಿಳಿಯನ್ನು ಮಾಡಿ ತೋರಿಸಬಹುದು. ನೀರನ್ನು ಮೊದಲೇ ಕುದಿಸಿ ತಣಿಸಿ ಗಾಳಿ ತೆಗೆದಿರಬೇಕು. ಆಗಲೂ ಪೂರ್ತಿ ಬಿಳಿ ಬರುವುದು ಕಷ್ಟ, ತಿಳಿನೀಲಿಯ ಛಾಯೆ ಇರುತ್ತದೆ. ಸೋಸುಕಾಗದದ ಮೇಲೆ ಹರಡಿದರೆ ನಿಮ್ಮ ಕಣ್ಣೆದುರೇ ಅಂಚಿನಿಂದ ಒಳಕ್ಕೆ ನೀಲಿ ಏರುತ್ತದೆ. ಸಾವಿರಾರು ಸಲ ನೋಡಿದ್ದೇನೆ, ಒಂದು ಸಲವೂ ಬೇಸರವಾಗಲಿಲ್ಲ.

ನೀಲಿಬೀಕರ್

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ.

ಐದು ತಂಡಗಳು ಹಿರಿಯರು ಹೇಳಿದ ಕ್ರಮದಲ್ಲೇ ಮಾಡಿದವು. ಉಪ್ಪುನೀರಿನಲ್ಲಿ ಗಸಿ ಪ್ರತಿ ಸಲವೂ ಕೂತಿತು. ಮೊದಲ ದಿನ ಪಾತ್ರೆಯ ಮುಕ್ಕಾಲು ಭಾಗ ನೀಲಿಯಾಗಿಯೇ ಇತ್ತು, ನನಗೆ ಅನುಮಾನ ಬಂದಿತ್ತು. ಮರುದಿನ ಬೆಳಿಗ್ಗೆ ಮೇಲಿನದು ತಿಳಿನೀರು, ಅತಿ ತೆಳು ಹಳದಿ. ಅದು ನಾವು ಹೆಚ್ಚಿಗೆ ಹಾಕಿದ ಕಬ್ಬಿಣ. ಎರಡನೆಯ ತೊಳೆತಕ್ಕೆ ಆ ಹಳದಿಯೂ ಹೋಯಿತು. ಆಲ್ಕೋಹಾಲ್‌ನಲ್ಲಿ ತೊಳೆದು ಗಾಳಿಗೆ ಒಣಗಿಸಿದ ಮುದ್ದೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಹಿಂದಿನ ಸಲದ ಕಲ್ಲನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಎರಡೂ ಒಂದೇ ವಸ್ತು ಎಂದು ನಂಬಲು ಮಕ್ಕಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಂದು ತಂಡ ಮಾತ್ರ ಮೂರನೆಯ ದಿನ ಮರೆತು ಬಟ್ಟಿ ಇಳಿಸಿದ ನೀರು ಹಾಕಿತು. ನಾಲ್ಕು ದಿನವಾದರೂ ಅವರದ್ದು ಕೂರಲಿಲ್ಲ. ಬಹಳ ಬೇಸರಪಟ್ಟರು. ಆ ಕಲಿಲವನ್ನು ಚೆಲ್ಲುವ ಬದಲು ಗೋಂದಿನ ನೀರು ಬೆರೆಸಿ ಬರೆಯುವ ಶಾಯಿ ಮಾಡಿಕೊಂಡರು. ಅವರ ಪ್ರಯೋಗದ ವರದಿ ಅದೇ ಶಾಯಿಯಲ್ಲಿದೆ.

ಇಳುವರಿ ಕೇಳಿದ ವಿದ್ಯಾರ್ಥಿನಿಗೆ ನೀರಿನ ಲೆಕ್ಕ ತೋರಿಸಿದೆ. ಅವಳು ಈಗ 50 ಡಿಗ್ರಿಯಲ್ಲಿ ಒಣಗಿಸಿದ್ದನ್ನೂ 110 ಡಿಗ್ರಿಯದ್ದನ್ನೂ ತೂಗಿ, ಸೂತ್ರಘಟಕಕ್ಕೆ ಎಷ್ಟು ನೀರು ಉಳಿದಿದೆ ಎಂದು ಕಂಡುಹಿಡಿಯುವ ಕೆಲಸ ಹಿಡಿದಿದ್ದಾಳೆ. ಪೊಟ್ಯಾಸಿಯಂ ಸ್ವಲ್ಪ ಜಾಲದೊಳಗೇ ಉಳಿದಿರಬಹುದಲ್ಲವೇ ಎಂದು ಅವಳೇ ಕೇಳಿದಳು. ನಾನು ಹೇಳಿಕೊಟ್ಟದ್ದಲ್ಲ.

ಗಾಜಿನ ಹಲಗೆಯ ಮೇಲೆ ಸರದಿಯಂತೆ ಅರೆದೆವು. ಮೊದಲ ಹತ್ತು ನಿಮಿಷ ಚರಚರ ಸದ್ದು, ಆಮೇಲೆ ಮೆಲ್ಲಗೆ ರೇಷ್ಮೆ ಎಳೆದಂಥ ಸದ್ದು. ಬಿಳಿಗೆ ಬೆರೆಸಿದ ಮಾದರಿಯ ಅರ್ಧಕ್ಕೆ ಕಪ್ಪು ಕಾಗದ ಹೊದಿಸಿ ಕಿಟಕಿಯಲ್ಲಿ ಇಟ್ಟಿದ್ದೇವೆ.

ಉಳಿದಿರುವ ತೊಂದರೆ ಒಂದೇ. ಈ ಪುಡಿ ಎಣ್ಣೆಯನ್ನು ಕುಡಿಯುತ್ತಲೇ ಇದೆ. ಹಾಕಿದಷ್ಟೂ ಸಾಲುತ್ತಿಲ್ಲ.

ಹಳೆಯಅರೆಗಲ್ಲು

ಓದಿ ಮನಸ್ಸು ತುಂಬಿತು. ಶಾಯಿ ಮಾಡಿದ ಮಕ್ಕಳಿಗೆ ವಿಶೇಷವಾಗಿ ಹೇಳಿ, ನೀರಿನಲ್ಲಿ ಕದಡಿ ನಿಲ್ಲುವ ಈ ನೀಲಿಯನ್ನು ಶಾಯಿಗೆ ಬಳಸುವುದು ಹಳೆಯ ರೂಢಿಯೇ.

ಎಣ್ಣೆ ಕುಡಿಯುವುದು ಕಣ ಸಣ್ಣದಾಗಿದೆ ಎಂಬುದರ ಲಕ್ಷಣ. ಮೈ ಹೆಚ್ಚಿದಷ್ಟೂ ಅದನ್ನು ನೆನೆಸಲು ಎಣ್ಣೆ ಹೆಚ್ಚು ಬೇಕು. ಎಣ್ಣೆ ಸುರಿಯುತ್ತಾ ಹೋಗಬೇಡಿ. ಪುಡಿ ಒಣಗಿದಂತೆ ಕಂಡರೂ ಇರುವ ಎಣ್ಣೆಯಲ್ಲೇ ಒತ್ತಿ ಅರೆಯಿರಿ, ಕಣಗಳ ನಡುವಿನ ಗಾಳಿ ಹೊರಬಂದ ಹಾಗೆ ಅದು ತಾನಾಗಿ ಸಡಿಲವಾಗುತ್ತದೆ. ಆಮೇಲೆ ಬೇಕೆನಿಸಿದರೆ ಒಂದೊಂದೇ ಹನಿ. ಅರೆದದ್ದನ್ನು ಮುಚ್ಚಿಟ್ಟು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಅರೆಯಿರಿ. ಕಿಟಕಿಯ ಮಾದರಿಯ ಕಾಗದ ತೆಗೆದ ದಿನ ಏನು ಕಂಡಿತೆಂದು ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.